ಮೂರು ವಾರದ ಮಗು ಹಾಲನ್ನೆಲ್ಲ ಚಿಮ್ಮಿ ವಾಂತಿ ಮಾಡಿದರೆ: ಅಲ್ಟ್ರಾಸೌಂಡ್ ಮೊದಲೋ, ಬೇರಿಯಂ ಮೊದಲೋ?

ಮಗು ವಾಂತಿ ಮಾಡಿದ ಬಟ್ಟೆಯನ್ನು ಒಗೆಯಬೇಡಿ, ಹಾಗೇ ಸುತ್ತಿ ಜೊತೆಗೆ ತನ್ನಿ. ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಕಡೆಯಿಂದ ಫೋನ್ ಮಾಡುವ ನರ್ಸ್‌ಗಳಿಗೂ ಆಶಾ ಕಾರ್ಯಕರ್ತೆಯರಿಗೂ ನಾನು ಮೊದಲು ಹೇಳುವ ಮಾತು ಇದೇ. ಯಾವ ಪರೀಕ್ಷೆ ಮೊದಲು ಆಗಬೇಕು, ಯಾವುದು ಬೇಡ, ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಅರ್ಧ ತೀರ್ಮಾನವನ್ನು ಆ ಬಟ್ಟೆಯ ಬಣ್ಣವೇ ಮಾಡಿಬಿಡುತ್ತದೆ. ಹಾಲಿನ ಬಿಳಿ ಇದ್ದರೆ, ಮೊಸರಿನಂತೆ ಒಡೆದಿದ್ದರೆ, ಒಂದು ದಾರಿ. ಹಸಿರು ಇದ್ದರೆ ಬೇರೆಯೇ ದಾರಿ, ಅದೂ ಓಡಿಕೊಂಡು ಹೋಗಬೇಕಾದ ದಾರಿ.

ಕೋಲಾರದಲ್ಲಿ 16 ವರ್ಷದಿಂದ ಸ್ಕ್ಯಾನಿಂಗ್ ಮಾಡುತ್ತಿದ್ದೇನೆ. ದಿನದ ಬಹುಪಾಲು ಗರ್ಭಿಣಿಯರ ಸ್ಕ್ಯಾನ್, ಕಿಡ್ನಿ ಕಲ್ಲು, ಪಿತ್ತಕೋಶದ ಕಲ್ಲು. ನಡುವೆ ಯಾವಾಗಲೋ ಒಮ್ಮೆ ಟವೆಲಿನಲ್ಲಿ ಸುತ್ತಿದ ಪುಟ್ಟ ಮಗು ಬರುತ್ತದೆ. ಅಂಥ ಮಗುವಿಗೆ ಯಾವ ಪರೀಕ್ಷೆ ಸರಿ ಎಂದು ಮನೆಯವರೂ ಕೇಳುತ್ತಾರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ರಾತ್ರಿ ಡ್ಯೂಟಿ ಮಾಡುವ ಚಿಕ್ಕ ವಯಸ್ಸಿನ ಡಾಕ್ಟರೂ ಕೇಳುತ್ತಾರೆ. ಇಬ್ಬರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಯಿಲೆ ಏನೆಂದು ಹೇಳಿಬಿಡುತ್ತೇನೆ. ಜಠರದಿಂದ ಕರುಳಿಗೆ ಹಾಲು ಇಳಿಯುವ ಬಾಗಿಲಿಗೆ ಪೈಲೋರಸ್ ಎನ್ನುತ್ತೇವೆ. ಅದರ ಸುತ್ತ ಬಳೆಯಂತೆ ಸ್ನಾಯು ಇರುತ್ತದೆ. ಕೆಲವು ಶಿಶುಗಳಲ್ಲಿ ಹುಟ್ಟಿದ ಮೇಲೆ ಆ ಸ್ನಾಯು ದಿನೇ ದಿನೇ ದಪ್ಪವಾಗಿ ಬಾಗಿಲು ಮುಚ್ಚುತ್ತಾ ಬರುತ್ತದೆ. ಇದೇ ಪೈಲೋರಿಕ್ ಸ್ಟೆನೋಸಿಸ್. ಹುಟ್ಟಿದ ದಿನವೇ ಕಾಣಿಸಿಕೊಳ್ಳುವ ರೋಗವಲ್ಲ, ಸಾಮಾನ್ಯವಾಗಿ 3ರಿಂದ 6 ವಾರದ ನಡುವೆ ಶುರುವಾಗುತ್ತದೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು. ಚೊಚ್ಚಲ ಮಕ್ಕಳಲ್ಲಿ ಇನ್ನಷ್ಟು. ಅಪ್ಪನಿಗೋ ಅಮ್ಮನಿಗೋ ಶಿಶುವಾಗಿದ್ದಾಗ ಇದೇ ಆಪರೇಷನ್ ಆಗಿದ್ದರೆ ಡಾಕ್ಟರಿಗೆ ಹೇಳಿ. ಹುಟ್ಟಿದ ಮೊದಲ ಎರಡು ವಾರದಲ್ಲಿ ಎರಿಥ್ರೋಮೈಸಿನ್ ಅಥವಾ ಅಜಿಥ್ರೋಮೈಸಿನ್ ಕೊಟ್ಟಿದ್ದರೂ ಹೇಳಿ, ಆ ಔಷಧಿಗಳು ಈ ಕಾಯಿಲೆಯ ಸಾಧ್ಯತೆ ಹೆಚ್ಚಿಸುತ್ತವೆ.

ಚೊಚ್ಚಲ ಬಾಣಂತನ ತವರಿನಲ್ಲಿ. ಮಗು ಹಾಲು ಕಕ್ಕಿದರೆ ಅಜ್ಜಿ, "ಹಾಲು ಜಾಸ್ತಿಯಾಗಿದೆ ಬಿಡಮ್ಮ, ಕಕ್ಕೋ ಮಗೂಗೆ ಏನೂ ಆಗಲ್ಲ" ಎನ್ನುತ್ತಾರೆ. ಹೆಚ್ಚಿನ ಸಲ ಅಜ್ಜಿಯ ಮಾತೇ ನಿಜ. ಆದರೆ ಕಕ್ಕುವುದು ಬೇರೆ, ಚಿಮ್ಮುವುದು ಬೇರೆ. ಕಕ್ಕಿದ ಹಾಲು ಗಲ್ಲದ ಮೇಲೆ ಇಳಿಯುತ್ತದೆ. ಈ ಕಾಯಿಲೆಯ ವಾಂತಿ ತಾಯಿಯ ಮಡಿಲು ದಾಟಿ ಆಚೆ ಬೀಳುತ್ತದೆ. ಇನ್ನೊಂದು ಗುರುತು ಹಸಿವು: ವಾಂತಿಯಾದ ಐದು ನಿಮಿಷಕ್ಕೆ ಮಗು ಮತ್ತೆ ಮೊಲೆ ಹುಡುಕುತ್ತದೆ. ಆಮೇಲೆ ತೂಕ. ಆಶಾ ಕಾರ್ಯಕರ್ತೆ ಮನೆಗೆ ಬರುವ 21, 28, 42ನೇ ದಿನಗಳು ಸರಿಯಾಗಿ ಈ ಕಾಯಿಲೆಯ ವಯಸ್ಸಿಗೇ ಬರುತ್ತವೆ. ಆ ದಿನಗಳಲ್ಲಿ ತೂಕ ನಿಂತಿದ್ದರೆ, ಇಳಿದಿದ್ದರೆ, ಒದ್ದೆಯಾಗುವ ಬಟ್ಟೆಗಳ ಲೆಕ್ಕ ದಿನಕ್ಕೆ ಆರಕ್ಕಿಂತ ಕಡಿಮೆಯಾಗಿದ್ದರೆ ಗ್ರೈಪ್ ವಾಟರು, ಬಜೆ ಅಂತ ಇನ್ನೆರಡು ದಿನ ನೋಡುವುದು ಬೇಡ.

ಬಿಳಿ ವಾಂತಿಗೆ ಅಲ್ಟ್ರಾಸೌಂಡ್

ಬಿಳಿ ವಾಂತಿಯ ಮಗುವಿಗೆ ಮೊದಲ ಪರೀಕ್ಷೆ ಅಲ್ಟ್ರಾಸೌಂಡ್, ಇದರಲ್ಲಿ ನನಗೆ ಅನುಮಾನವಿಲ್ಲ. ಹಿಂದೆ ಹೀಗಿರಲಿಲ್ಲ. ಜರ್ಮನಿಯ ರಾಮ್‌ಸ್ಟೆಟ್ 1912ರಲ್ಲಿ ಈ ಕಾಯಿಲೆಯ ಆಪರೇಷನ್ನನ್ನು ಲೋಕಕ್ಕೆ ತಿಳಿಸಿದ ಕಾಲದಲ್ಲಿ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡುವುದೇ ಮುಖ್ಯ ಪರೀಕ್ಷೆ. ಆಮೇಲೆ ಬೇರಿಯಂ ಬಂತು, ಅಂದರೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಔಷಧಿ ಕುಡಿಸಿ ಅದು ಇಳಿಯುವ ದಾರಿಯನ್ನು ನೋಡುವ ಪರೀಕ್ಷೆ. 1977ರಲ್ಲಿ ಅಮೆರಿಕದ ಟೀಲ್ ಮತ್ತು ಸ್ಮಿತ್ ಈ ದಪ್ಪ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ತೋರಿಸಿದ ಮೇಲೆ ಪದ್ಧತಿ ಬದಲಾಯಿತು. ಕಾರಣ ಸರಳ. ಬೇರಿಯಂ ದಾರಿಯನ್ನು ಮಾತ್ರ ತೋರಿಸುತ್ತದೆ, ಅಲ್ಟ್ರಾಸೌಂಡ್ ಸ್ನಾಯುವನ್ನೇ ತೋರಿಸುತ್ತದೆ. ವಿಕಿರಣವಿಲ್ಲ, ಮಗುವಿನ ಹೊಟ್ಟೆಗೆ ಔಷಧಿ ತುಂಬಬೇಕಿಲ್ಲ, ಎಷ್ಟು ಸಲ ಬೇಕಾದರೂ ಮಾಡಬಹುದು.

ಬೆರಳಿನ ಪರೀಕ್ಷೆಯನ್ನು ಮಾತ್ರ ಮರೆಯಬಾರದು. ಪುಸ್ತಕದಲ್ಲಿ ದಪ್ಪವಾದ ಸ್ನಾಯುವಿನ ಗಂಟು ಆಲಿವ್ ಕಾಯಿಯ ಹಾಗೆ ಸಿಗುತ್ತದೆ ಎಂದು ಬರೆದಿರುತ್ತದೆ. ನಮ್ಮ ಕಡೆ ವಿದ್ಯಾರ್ಥಿಗಳಿಗೆ ನಾನು ನೇರಳೆ ಹಣ್ಣು ಎನ್ನುತ್ತೇನೆ, ಅಳತೆ ಹತ್ತಿರ ಬರುತ್ತದೆ. ಹೊಟ್ಟೆ ಖಾಲಿಯಿದ್ದು ಮಗು ಸಮಾಧಾನವಾಗಿದ್ದಾಗ ಹೊಕ್ಕುಳಿನ ಮೇಲೆ, ಸ್ವಲ್ಪ ಬಲಕ್ಕೆ, ಬೆರಳ ತುದಿಗೆ ಜಾರುವ ಗಂಟು ಖಚಿತವಾಗಿ ಸಿಕ್ಕಿದರೆ ರೋಗ ಗೊತ್ತಾದಂತೆಯೇ. ಈಗ ಮಕ್ಕಳು ಬೇಗ ಬರುತ್ತವೆ, ಗಂಟು ಅಷ್ಟು ಬೆಳೆದಿರುವುದಿಲ್ಲ. ಹಾಗಾಗಿ ಬೆರಳಿಗೆ ಸಿಗಲಿಲ್ಲವೆಂದು ಕಾಯಿಲೆ ಇಲ್ಲ ಎನ್ನಲಾಗದು.

ಸ್ಕ್ಯಾನ್ ಹೇಗೆ ನಡೆಯಬೇಕು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಇದು ಗೊತ್ತಿದ್ದರೆ ನಿಮ್ಮ ಮಗುವಿನ ಸ್ಕ್ಯಾನ್ ಸರಿಯಾಗಿ ಆಯಿತೋ ಇಲ್ಲವೋ ನಿಮಗೇ ತಿಳಿಯುತ್ತದೆ.

ಜೆಲ್ಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತೇನೆ. ತಣ್ಣಗಿನ ಜೆಲ್ ಬಿದ್ದ ಕೂಡಲೇ ಮಗು ಅಳುತ್ತದೆ, ಅತ್ತರೆ ಗಾಳಿ ನುಂಗುತ್ತದೆ, ಗಾಳಿ ತುಂಬಿದ ಜಠರದಲ್ಲಿ ಏನೂ ಕಾಣುವುದಿಲ್ಲ. ಮಗುವನ್ನು ಬಲ ಮಗ್ಗುಲಿಗೆ ಸ್ವಲ್ಪ ವಾಲಿಸಿ ಮಲಗಿಸಬೇಕು, ಆಗ ಜಠರದ ನೀರು ಬಾಗಿಲ ಹತ್ತಿರ ಬಂದು ನಿಲ್ಲುತ್ತದೆ. ಗರ್ಭಿಣಿಯರಿಗೆ ಹಿಡಿಯುವ ಬಾಗಿದ ಪ್ರೋಬ್ ಇಲ್ಲಿ ಸಾಲದು. ಥೈರಾಯ್ಡ್ ನೋಡಲು ಬಳಸುವ ಚಪ್ಪಟೆ ಮುಖದ ಲೀನಿಯರ್ ಪ್ರೋಬ್ ಬೇಕು. ಪಿತ್ತಕೋಶವನ್ನು ಹುಡುಕಿ, ಅದರ ಪಕ್ಕದಲ್ಲೇ ಒಳಮಗ್ಗುಲಿಗೆ ಹೋದರೆ ಪೈಲೋರಸ್ ಸಿಗುತ್ತದೆ. ಜಠರ ಬರಿದಾಗಿದ್ದರೆ ತಾಯಿಯ ಕೈಯಿಂದ ಒಳಲೆಯಲ್ಲಿ ಒಂದೆರಡು ಗುಟುಕು ಗ್ಲೂಕೋಸ್ ನೀರು ಕುಡಿಸುತ್ತೇನೆ. ಒಳಲೆಯ ಮೂತಿಯಿಂದ ನೀರು ಬಾಯಿಗೆ ಇಳಿಯುವುದು ಈಚೆ, ಅದೇ ನೀರು ಪೈಲೋರಸ್ಸಿನ ಮುಂದೆ ಬಂದು ತಡೆದು ನಿಲ್ಲುವುದು ಆಚೆ ಪರದೆಯ ಮೇಲೆ. ಜಠರ ಹಿಂಡುತ್ತದೆ, ಅಲೆ ಬಾಗಿಲವರೆಗೆ ಬರುತ್ತದೆ, ಹಿಂದಕ್ಕೆ ಹೋಗುತ್ತದೆ. ಅದನ್ನು ಪರದೆಯಲ್ಲಿ ನೋಡಿದ ತಾಯಂದಿರಿಗೆ ಮತ್ತೆ ವಿವರಿಸುವ ಅಗತ್ಯ ಬೀಳುವುದಿಲ್ಲ.

ಅಳತೆಗಳು ಎರಡು. ಸ್ನಾಯುವಿನ ದಪ್ಪ 3 ಮಿಲಿಮೀಟರ್ ಅಥವಾ ಹೆಚ್ಚು, ಬಾಗಿಲ ಓಣಿಯ ಉದ್ದ ಸುಮಾರು 15 ಮಿಲಿಮೀಟರ್ ಅಥವಾ ಹೆಚ್ಚು ಇದ್ದರೆ ಅದು ಪೈಲೋರಿಕ್ ಸ್ಟೆನೋಸಿಸ್. ಮೂರು ಮಿಲಿಮೀಟರ್ ಅಂದರೆ ಹೆಚ್ಚೂಕಡಿಮೆ ಎರಡು ರಾಗಿಕಾಳು ಪಕ್ಕಪಕ್ಕ ಇಟ್ಟಷ್ಟು. ಇಷ್ಟು ಸಣ್ಣ ಅಳತೆಯಲ್ಲಿ ಕೈ ಕೊಂಚ ಓರೆಯಾದರೂ ನಾರ್ಮಲ್ ಸ್ನಾಯು ದಪ್ಪವಾಗಿ ಕಾಣುತ್ತದೆ. ಒಳಗಿನ ಬಿಳಿ ಪದರವನ್ನು ಸೇರಿಸದೆ, ಕಪ್ಪು ಪಟ್ಟಿಯನ್ನು ಮಾತ್ರ, ಒಂದೇ ಬದಿಯಲ್ಲಿ ಅಳೆಯಬೇಕು. ಎರಡು ಬದಿಯನ್ನೂ ಸೇರಿಸಿ ಅಳೆದು ಸ್ನಾಯು 11 ಮಿಲಿಮೀಟರ್ ಎಂದು ಬರೆದ ರಿಪೋರ್ಟನ್ನೂ ನೋಡಿದ್ದೇನೆ. ಅಡ್ಡ ಕೊಯ್ದಂತೆ ನೋಡಿದರೆ ವಡೆಯ ಆಕಾರ, ಉದ್ದಕ್ಕೆ ನೋಡಿದರೆ ಗರ್ಭಕೋಶದ ಕಂಠದಂಥ ಆಕಾರ. ದಿನವೆಲ್ಲ ಗರ್ಭಿಣಿಯರನ್ನು ನೋಡುವ ಸೊನಾಲಜಿಸ್ಟರಿಗೆ ಈ ಎರಡನೆಯದು ಬೇಗ ಕಣ್ಣಿಗೆ ಹಿಡಿಯುತ್ತದೆ.

ಸ್ನಾಯು ಆಗಾಗ ಸುಮ್ಮನೆ ಬಿಗಿಯುವುದೂ ಉಂಟು, ಅದಕ್ಕೆ ಪೈಲೋರೋಸ್ಪಾಸಂ ಎನ್ನುತ್ತಾರೆ. ಆಗ ಅಳತೆ ಕ್ಷಣಕ್ಕೊಂದಾಗಿ, ಕೊನೆಗೆ ಬಾಗಿಲು ತೆರೆದು ನೀರು ದಾಟುತ್ತದೆ. ನಿಜವಾದ ಸ್ಟೆನೋಸಿಸ್‌ನಲ್ಲಿ ಅಳತೆ ಬದಲಾಗದು. ವ್ಯತ್ಯಾಸ ತಿಳಿಯಲು ಹತ್ತು ನಿಮಿಷವಾದರೂ ನೋಡುತ್ತಾ ಕೂರಬೇಕು. ಎರಡು ನಿಮಿಷದಲ್ಲಿ ಮುಗಿದ ಸ್ಕ್ಯಾನ್ "ಇದೆ" ಎಂದರೆ ನಂಬಬಹುದೇನೋ, "ಇಲ್ಲ" ಎಂದರೆ ನಾನು ನಂಬುವುದಿಲ್ಲ.

ಈ ಮಾತಿಗೆ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಸಂಜೆ, ಹೊರಗೆ ಸಾಲು ಕಾದಿದ್ದ ಹೊತ್ತಿನಲ್ಲಿ 24 ದಿನದ ಗಂಡುಮಗು ಬಂತು. ಕಾಯುತ್ತಾ ಕೂತಾಗ ತಾಯಿ ಹೊಟ್ಟೆ ತುಂಬ ಹಾಲು ಕುಡಿಸಿದ್ದಳು. ತುಂಬಿದ ಜಠರ ಪೈಲೋರಸ್ಸನ್ನು ಹಿಂದಕ್ಕೆ ತಳ್ಳಿಬಿಟ್ಟಿತ್ತು. ನಾನು ಸ್ವಲ್ಪ ಹುಡುಕಿದೆ, ಸಿಗಲಿಲ್ಲ, ಹೊಟ್ಟೆಯ ಸ್ಕ್ಯಾನ್ ನಾರ್ಮಲ್ ಎಂದು ಬರೆದು ಕಳಿಸಿದೆ. ಮನೆಯವರು ಆ ಕಾಗದವನ್ನು ನಂಬಿ ನಾಲ್ಕು ದಿನ ಮನೆಯಲ್ಲೇ ಉಳಿದರು. ಮರಳಿ ಬಂದಾಗ ಮಗುವಿನ ನೆತ್ತಿ ಕುಳಿಬಿದ್ದಿತ್ತು, ಅಳಲು ಶಕ್ತಿಯಿರಲಿಲ್ಲ. ಸ್ನಾಯು 4.8 ಮಿಲಿಮೀಟರ್. ಬೆಂಗಳೂರಿನಲ್ಲಿ ಆಪರೇಷನ್ ಆಗಿ ಮಗು ಉಳಿಯಿತು. ಅಂದಿನಿಂದ ಕಾಣದಿದ್ದರೆ "ಪೈಲೋರಸ್ ಕಾಣಲಿಲ್ಲ, ಮತ್ತೆ ನೋಡಬೇಕು" ಎಂದೇ ಬರೆಯುತ್ತೇನೆ.

ಆದ್ದರಿಂದ ರಿಪೋರ್ಟ್ ಕೈಗೆ ಬಂದಾಗ ಮೂರು ಸಂಗತಿ ಅದರಲ್ಲಿವೆಯೇ ನೋಡಿ: ಸ್ನಾಯುವಿನ ದಪ್ಪ ಎಷ್ಟು ಮಿಲಿಮೀಟರ್, ಓಣಿಯ ಉದ್ದ ಎಷ್ಟು, ನೀರು ದಾಟಿದ್ದು ಕಂಡಿತೋ ಇಲ್ಲವೋ. ಬರೀ "ನಾರ್ಮಲ್" ಎಂದಿದ್ದರೆ "ಪೈಲೋರಸ್ ನೋಡಿದಿರಾ ಡಾಕ್ಟ್ರೇ?" ಎಂದು ಕೇಳಿ, ತಪ್ಪೇನೂ ಇಲ್ಲ. ಎರಡೂವರೆ ಮಿಲಿಮೀಟರ್ ಹೀಗೆ ಅಂಚಿನಲ್ಲಿ ಬಂದರೆ, ಮಗುವಿಗೆ ಇನ್ನೂ ಮೂರು ವಾರ ತುಂಬಿಲ್ಲದಿದ್ದರೆ, ಒಂದೆರಡು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಅಳತೆ ಚಿಕ್ಕದಿದ್ದರೂ ಕಾಯಿಲೆ ಇರಬಹುದು.

ಬೇರಿಯಂ ಯಾವಾಗ

ಬೇರಿಯಂ ಪರೀಕ್ಷೆ ಹಳೆಯದೆಂದು ಅದನ್ನು ತಳ್ಳಿಹಾಕುವವರಿದ್ದಾರೆ. ನನಗೆ ಅದು ಸರಿಕಾಣುವುದಿಲ್ಲ. ಅಲ್ಟ್ರಾಸೌಂಡ್ ಒಂದು ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಡುತ್ತದೆ: ಈ ಸ್ನಾಯು ದಪ್ಪವಾಗಿದೆಯೇ? ಬೇರಿಯಂ ಇನ್ನೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಗಂಟಲಿನಿಂದ ಸಣ್ಣ ಕರುಳಿನ ಶುರುವಿನವರೆಗೆ ದಾರಿ ಎಲ್ಲಿ ತಡೆದಿದೆ, ಕರುಳು ತನ್ನ ಜಾಗದಲ್ಲಿ ಕೂತಿದೆಯೇ?

ಎರಡು ಸಲ ಸರಿಯಾಗಿ ಸ್ಕ್ಯಾನ್ ಮಾಡಿ ಸ್ನಾಯು ನಾರ್ಮಲ್ ಕಂಡು, ವಾಂತಿ ಮಾತ್ರ ನಿಲ್ಲದಿದ್ದರೆ ಬೇರಿಯಂ ಬೇಕು. ಮಗು ಮೂರು ನಾಲ್ಕು ತಿಂಗಳು ದಾಟಿದ್ದರೆ ಜಠರದಲ್ಲಿ ಪೈಲೋರಸ್ಸಿನ ಹತ್ತಿರ ತೆಳು ಪರದೆ ಇರುವಂಥ ಬೇರೆ ಕಾರಣಗಳು ಮುಂದಕ್ಕೆ ಬರುತ್ತವೆ, ಆಗಲೂ ಬೇರಿಯಂ ಬೇಗ ಬೇಕಾಗುತ್ತದೆ. ಮಕ್ಕಳ ಸ್ಕ್ಯಾನ್ ಬಲ್ಲವರು ಸಿಗದೆ, ಬೇರಿಯಂ ಬಲ್ಲವರು ಸಿಕ್ಕರೆ ಅದನ್ನೇ ಮಾಡಿಸಿದರೂ ಉತ್ತರ ಸಿಗುತ್ತದೆ. ಪೈಲೋರಸ್ಸಿನಲ್ಲಿ ಔಷಧಿ ದಾರದಷ್ಟು ಸಣ್ಣಗೆ, ಕೆಲವೊಮ್ಮೆ ಎರಡು ಗೆರೆಯಾಗಿ ಇಳಿಯುತ್ತದೆ.

ತೊಂದರೆಗಳೂ ಇವೆ. ಒಂದಿಷ್ಟು ವಿಕಿರಣ ಮಗುವಿಗೆ ತಾಗುತ್ತದೆ. ಮೊದಲೇ ವಾಂತಿ ಮಾಡುವ ಮಗು, ಔಷಧಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ, ಅದಕ್ಕೇ ಮೂಗಿನ ನಳಿಕೆ ಹಾಕಿ ಜಠರ ಖಾಲಿ ಮಾಡಿದ ಮೇಲೆ ಶುರುಮಾಡಬೇಕು, ಮುಗಿದ ಮೇಲೂ ಉಳಿದದ್ದನ್ನು ಹೊರಗೆಳೆಯಬೇಕು. ಬೇರಿಯಂ ಬದಲು ಅಯೋಡಿನ್ ಔಷಧಿ ಕೊಡುವುದಾದರೆ ನಾನ್-ಅಯಾನಿಕ್ ಬಗೆಯದೇ ಇರಲಿ. ಹಳೆಯ ಸಾಂದ್ರ ಬಗೆಯದು ಶ್ವಾಸಕೋಶಕ್ಕೆ ಇಳಿದರೆ ಅಲ್ಲಿ ನೀರು ತುಂಬಿಸುತ್ತದೆ. ಔಷಧಿ ಚಲಿಸುವುದನ್ನು ಕೂಡಲೇ ನೋಡುವ ಫ್ಲೋರೋಸ್ಕೋಪಿ ಯಂತ್ರವೂ ಬೇಕು. ಕುಡಿಸಿ ಒಂದೆರಡು ಎಕ್ಸ್‌ರೇ ತೆಗೆದು ಕಳಿಸುವುದು ಬೇರಿಯಂ ಪರೀಕ್ಷೆಯಲ್ಲ.

ಬರೀ ಎಕ್ಸ್‌ರೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಠರ ಬಲೂನಿನಂತೆ ಉಬ್ಬಿ ಕೆಳಗೆ ಕರುಳಿನಲ್ಲಿ ಗಾಳಿ ಕಡಿಮೆ ಇದ್ದರೆ ಅನುಮಾನ ಬಲವಾಗುತ್ತದೆ, ಅಷ್ಟೇ. ಎಕ್ಸ್‌ರೇ ಸರಿಯಿದೆ ಎಂದು ಸಮಾಧಾನಪಟ್ಟುಕೊಂಡು ಮನೆಗೆ ಹೋಗುವಂತಿಲ್ಲ. ಸಿಟಿ ಸ್ಕ್ಯಾನ್ ಈ ಕಾಯಿಲೆಗೆ ಬೇಡ. ಎಂಡೋಸ್ಕೋಪಿ ಬೇಕಾಗುವುದು ಬಹಳ ಅಪರೂಪ.

ಹಸಿರು ಕಂಡರೆ

ಪೈಲೋರಸ್ ಮುಚ್ಚಿದ್ದರೆ ಪಿತ್ತ ಮೇಲೆ ಬರಲಾರದು, ಪಿತ್ತ ಬಂದು ಸೇರುವುದು ಅದರ ಕೆಳಗೆ. ಹಾಗಾಗಿ ಬಟ್ಟೆಯ ಮೇಲೆ ಹಸಿರು ಇದ್ದರೆ ತಡೆ ಇನ್ನೂ ಕೆಳಗಿದೆ ಎಂದರ್ಥ. ಕರುಳು ಹುರಿಯಂತೆ ಸುತ್ತಿಕೊಂಡು ರಕ್ತ ನಿಂತಿರಬಹುದು, ಅದಕ್ಕೆ ವಾಲ್ವುಲಸ್ ಎನ್ನುತ್ತಾರೆ. ಕರುಳು ಸಾಯಲು ಕೆಲವೇ ಗಂಟೆ ಸಾಕು. ಇಲ್ಲಿ ಬೇರಿಯಂ ಮಾದರಿಯ ಪರೀಕ್ಷೆಗೇ ಮೊದಲ ಜಾಗ. ಕರುಳಿನ ರಕ್ತನಾಳಗಳು ಸುಳಿಯಾಗಿ ಸುತ್ತಿರುವುದನ್ನು ಅಲ್ಟ್ರಾಸೌಂಡಿನಲ್ಲೂ ನೋಡಬಹುದು, ಬಲ್ಲವರು ತಕ್ಷಣ ಸಿಕ್ಕರೆ ಅದೂ ಸರಿ. ಪೈಲೋರಸ್ ನೋಡುವಾಗ ಕರುಳಿನ ಅಪಧಮನಿಯ ಬಲಕ್ಕೆ ಅಭಿಧಮನಿ ಇದೆಯೇ ಎಂದು ಪ್ರತಿ ಸಲ ಪರಿಶೀಲಿಸುವ ಅಭ್ಯಾಸ ನನಗೆ ಇದರಿಂದಲೇ ಬಂದದ್ದು. ಆದರೆ ಮಗು ಬಿಳುಚಿಕೊಂಡು ಸೋತಿದ್ದರೆ, ಹೊಟ್ಟೆ ಉಬ್ಬಿದ್ದರೆ, ಮಲದಲ್ಲಿ ರಕ್ತ ಕಂಡರೆ ಯಾವ ಚಿತ್ರಕ್ಕೂ ಕಾಯಬೇಡಿ. ಮಕ್ಕಳ ಸರ್ಜನ್ ಇರುವ ಕಡೆಗೆ ನೇರ ಹೊರಡಿ.

ಇಲ್ಲೇ ಮಾಡಿಸುವುದೋ, ಹೊರಡುವುದೋ

ನಿಜವಾಗಿ ಮನೆಯವರನ್ನು ಕಾಡುವ ಪ್ರಶ್ನೆ ಇದು. ತಾಲ್ಲೂಕಿನ ಸ್ಕ್ಯಾನಿಂಗ್ ಸೆಂಟರ್ ಹತ್ತಿರ, ಆದರೆ ಎಷ್ಟೋ ಕಡೆ ಡಾಕ್ಟರು ಬರುವುದೇ ಸಂಜೆ. ಯಂತ್ರವನ್ನು ವಾರ್ಡಿಗೋ ಮನೆಗೋ ತರಿಸಿ ಎಂದು ಕೇಳುವವರಿದ್ದಾರೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಿಂದಾಗಿ ಸ್ಕ್ಯಾನ್ ಯಂತ್ರವನ್ನು ನೋಂದಾಯಿಸಿದ ಆವರಣದಿಂದ ಹೊರಗೆ ಮನಸ್ಸಿಗೆ ಬಂದಂತೆ ಒಯ್ಯುವಂತಿಲ್ಲ, ಮಗುವೇ ಹೋಗಬೇಕು. ಹೋಗುವ ಮುಂಚೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಲೀನಿಯರ್ ಪ್ರೋಬ್ ಇದೆಯೇ, ಶಿಶುಗಳ ಪೈಲೋರಸ್ ನೋಡುತ್ತೀರಾ? ಎರಡಕ್ಕೂ ಹೌದು ಎಂದರೆ ಅಲ್ಲೇ ಮಾಡಿಸಿ. ಇಲ್ಲವೆಂದರೆ ಕೋಲಾರದ ಟಮಕದಲ್ಲಿರುವ ಮೆಡಿಕಲ್ ಕಾಲೇಜಿನಂಥ ದೊಡ್ಡ ಆಸ್ಪತ್ರೆಗೆ ಬನ್ನಿ, ಅಥವಾ ಕೋಲಾರದಿಂದ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆಗೆ ಹೋಗಿ. ಅಲ್ಲಿ ಸ್ಕ್ಯಾನೂ ಆಪರೇಷನ್ನೂ ಒಂದೇ ಸೂರಿನಡಿ ಆಗುತ್ತವೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷದೊಳಗಿನ ಮಗುವಿನ ಪರೀಕ್ಷೆ, ಚಿಕಿತ್ಸೆ, ಆಂಬ್ಯುಲೆನ್ಸ್ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಉಚಿತ. ದುಡ್ಡು ಹೊಂದಿಸಿಕೊಂಡು ನಾಳೆ ಹೋಗೋಣ ಅನ್ನಬೇಡಿ.

ಡ್ಯೂಟಿ ಡಾಕ್ಟರಿಗೆ ಒಂದು ಮಾತು. ಚಿತ್ರ ಸಿಗುವವರೆಗೆ ಡ್ರಿಪ್ ಕಾಯಬಾರದು. ಜಠರದ ಆಮ್ಲವೆಲ್ಲ ವಾಂತಿಯಲ್ಲಿ ಹೋಗಿ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಇಳಿದಿರುತ್ತವೆ, ಬೈಕಾರ್ಬನೇಟ್ ಏರಿರುತ್ತದೆ. ಎಲೆಕ್ಟ್ರೋಲೈಟ್‌ಗೆ ರಕ್ತ ತೆಗೆದು ಸಲೈನ್ ಶುರುಮಾಡಿ, ಮೂತ್ರ ಬಂದ ಮೇಲೆ ಪೊಟ್ಯಾಸಿಯಂ ಸೇರಿಸಿ. ಕ್ಲೋರೈಡ್ 100ರ ಮೇಲೆ, ಬೈಕಾರ್ಬನೇಟ್ 30ರ ಕೆಳಗೆ ಬರುವವರೆಗೆ ಸಾಮಾನ್ಯವಾಗಿ ಅರಿವಳಿಕೆ ಕೊಡುವುದಿಲ್ಲ, ಕೊಟ್ಟರೆ ಉಸಿರು ನಿಲ್ಲುವ ಅಪಾಯವಿದೆ. ಇದನ್ನು ಸರಿಪಡಿಸಲು ಒಂದೆರಡು ದಿನ ಹೇಗೂ ಬೇಕು, ಆದ್ದರಿಂದ ಬಿಳಿ ವಾಂತಿಯ ಮಗುವಿಗೆ ಒಳ್ಳೆಯ ಸ್ಕ್ಯಾನಿಗಾಗಿ ಡ್ರಿಪ್ ಹಾಕಿ ಇನ್ನೊಂದು ಊರಿಗೆ ಕಳಿಸುವುದರಲ್ಲಿ ನಷ್ಟವಿಲ್ಲ. ಮೂಗಿನ ನಳಿಕೆ ತೆರೆದಿರಲಿ, ತಲೆ ಕೊಂಚ ಮೇಲಿರಲಿ, ಮಗು ಬೆಚ್ಚಗಿರಲಿ, ತಾಯಿ ಜೊತೆಗೇ ಇರಲಿ. ಸ್ಕ್ಯಾನಿನ ಫೋಟೋ ಸಾಲದು, ನೀರು ದಾಟದೆ ಹಿಂದಕ್ಕೆ ಹೋಗುವ ಅರ್ಧ ನಿಮಿಷದ ವಿಡಿಯೋ ಸರ್ಜನ್ನರ ಮೊಬೈಲಿಗೆ ಕಳಿಸಿ. ನಾನು ಈಗ ಪ್ರತಿ ಮಗುವಿಗೂ ಹಾಗೇ ಮಾಡುತ್ತೇನೆ.

ಆಪರೇಷನ್ ಚಿಕ್ಕದು. ದಪ್ಪ ಸ್ನಾಯುವನ್ನು ಉದ್ದಕ್ಕೆ ಸೀಳಿ ಬಿಡುತ್ತಾರೆ, ಒಳಪದರ ಹಾಗೇ ಇರುತ್ತದೆ. ಕೆಲವೇ ಗಂಟೆಗಳಲ್ಲಿ ಹಾಲು ಶುರು, ಹೆಚ್ಚಿನ ಮಕ್ಕಳು ಒಂದೆರಡು ದಿನದಲ್ಲಿ ಮನೆಗೆ. ಮೊದಲ ದಿನಗಳಲ್ಲಿ ಸ್ವಲ್ಪ ವಾಂತಿ ಆದರೆ ಗಾಬರಿಯಾಗಿ ಮತ್ತೆ ನನ್ನ ಹತ್ತಿರ ಸ್ಕ್ಯಾನಿಗೆ ಓಡಿ ಬರುತ್ತಾರೆ. ಆಗ ಅಲ್ಟ್ರಾಸೌಂಡ್ ದಾರಿ ತಪ್ಪಿಸುತ್ತದೆ. ಸೀಳಿದ ಮೇಲೂ ಆ ಸ್ನಾಯು ವಾರಗಟ್ಟಲೆ ದಪ್ಪವಾಗಿಯೇ ಕಾಣುತ್ತದೆ, ಅಳತೆ ನೋಡಿ ಆಪರೇಷನ್ ವಿಫಲವಾಯಿತೆಂದು ಹೆದರುವಂತಾಗುತ್ತದೆ. ವಾಂತಿ ಕಡಿಮೆಯಾಗುತ್ತಾ ತೂಕ ಏರುತ್ತಿದ್ದರೆ ಯಾವ ಪರೀಕ್ಷೆಯೂ ಬೇಡ. ವಾರ ದಾಟಿದರೂ ಚಿಮ್ಮುವುದು ನಿಲ್ಲದಿದ್ದರೆ ಆಪರೇಷನ್ ಮಾಡಿದ ಸರ್ಜನ್ನರ ಬಳಿಗೇ ಹೋಗಿ, ಆಗ ಬೇಕಾಗುವುದು ಸಾಮಾನ್ಯವಾಗಿ ಬೇರಿಯಂ.